ಭಾನುವಾರದ ಹಕ್ಕಿ ಪ್ರಶ್ನೆಗೆ ತಮಾಷೆ ಉತ್ತರ ಬೇಕೋ ಬೇಡವೋ?

ಕೆರೆ ಏರಿ:
ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಎರಡು ದಿನದಿಂದ ಮನಸ್ಸನ್ನು ಕೊರೆಯುತ್ತಿದೆ. ಹೇಳಿಬಿಡುತ್ತೇನೆ.

ಹೊಸಬರಿಗೆ ಗೊತ್ತಿರಲಿ ಅಂತ ಮೊದಲಿನಿಂದ ಹೇಳುತ್ತೇನೆ. ನಮ್ಮ ಹಕ್ಕಿ ನೋಡುವ ಬಳಗದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನಾನೊಂದು ಪ್ರಶ್ನೆ ಹಾಕುತ್ತೇನೆ. ರಾತ್ರಿವರೆಗೂ ಯಾರು ಬೇಕಾದರೂ ಉತ್ತರ ಹೇಳಬಹುದು. ಗೊತ್ತಿದ್ದವರು ಸರಿ ಉತ್ತರ ಹೇಳುತ್ತಾರೆ. ಗೊತ್ತಿಲ್ಲದವರು ತಮಾಷೆ ಮಾಡುತ್ತಾರೆ. ಗೊತ್ತಿದ್ದೂ ತಮಾಷೆ ಮಾಡುವವರು ಎಲ್ಲರಿಗಿಂತ ಜಾಸ್ತಿ. ಸೋಮವಾರ ನಾನು ಸರಿ ಉತ್ತರ ಬರೆಯುತ್ತೇನೆ.

ಹೋದ ವಾರದ ಪ್ರಶ್ನೆ ಮಂಗಟ್ಟೆಯದು, ಅಂದರೆ ಹಾರ್ನ್‌ಬಿಲ್ ಹಕ್ಕಿಯದು: "ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಮಂಗಟ್ಟೆ ಮರದ ಪೊಟರೆಯಲ್ಲಿ ಬಂದಿಯಾಗಿರುತ್ತದೆ. ಬಾಗಿಲು ಮುಚ್ಚಿದ್ದು ಯಾರು?" ಮೊದಲ ಉತ್ತರ ಗದಗಿನ ಹೆಬ್ಬಾತು ಅವರದು: "ಇನ್ಯಾರು, ಗಂಡ! ಅನುಮಾನದ ಮನುಷ್ಯ. ಹೊರಗಿನಿಂದ ಬೀಗ ಜಡಿದು, ಕೀಲಿ ಜೇಬಿಗೆ ಹಾಕಿಕೊಂಡು ಹಣ್ಣು ತರಲು ಹೋಗಿದ್ದಾನೆ." ಎಲ್ಲರೂ ನಕ್ಕೆವು. ನಾನೂ ನಕ್ಕೆ.

ನನ್ನ ತಂಗಿಯ ಮಗಳು ಐದನೇ ಕ್ಲಾಸು. ಭಾನುವಾರ ನಮ್ಮ ಮನೆಗೆ ಬಂದಿದ್ದಳು. ನನ್ನ ಫೋನಿನಲ್ಲಿ ಇದನ್ನೆಲ್ಲ ಓದಿಕೊಂಡು ಹೋದಳು. ಮಂಗಳವಾರ ಶಾಲೆಗೆ ಚಾರ್ಟ್ ಮಾಡಿದ್ದಾಳೆ. ದೊಡ್ಡ ಮರ, ಮರಕ್ಕೊಂದು ಬಾಗಿಲು, ಬಾಗಿಲಿಗೆ ಹಳದಿ ಸ್ಕೆಚ್ ಪೆನ್ನಿನಲ್ಲಿ ಬಿಡಿಸಿದ ಬೀಗ. ಕೆಳಗೆ ದುಂಡು ಅಕ್ಷರದಲ್ಲಿ "ಗಂಡು ಮಂಗಟ್ಟೆ ತನ್ನ ಹೆಂಡತಿಯನ್ನು ಕೂಡಿ ಹಾಕುತ್ತದೆ." ಅದು ಈಗ ಅವಳ ತರಗತಿಯ ಗೋಡೆ ಮೇಲಿದೆ. ಸೋಮವಾರದ ಉತ್ತರ ಅವಳ ಕಣ್ಣಿಗೆ ಬೀಳಲೇ ಇಲ್ಲ.

ತಂಗಿ ಅದರ ಫೋಟೋ ಕಳಿಸಿ "ಚೆನ್ನಾಗಿದೆ ಅಲ್ವಾ ಅಕ್ಕ?" ಅಂದಳು. ಏನು ಹೇಳಬೇಕೋ ತೋಚಲಿಲ್ಲ. ತಮಾಷೆ ಉತ್ತರಗಳನ್ನು ನಿಲ್ಲಿಸಬೇಕಾ? ಎಲ್ಲರೂ ಮನಸ್ಸು ಬಿಚ್ಚಿ ಹೇಳಿ.

ಹಳೇ ದುರ್ಬೀನು:
ನಿಲ್ಲಿಸಬೇಕು. ಇದನ್ನು ನಾನು ಮೊದಲೂ ಹೇಳಿದ್ದೆ.

ಸುಳ್ಳು ಒಮ್ಮೆ ತಲೆಯಲ್ಲಿ ಕೂತರೆ ಏಳುವುದಿಲ್ಲ. ಗೀಜಗನ ಕಥೆಯನ್ನೇ ನೋಡಿ. ಗೂಡಿನೊಳಗೆ ಹಸಿ ಮಣ್ಣು ಮೆತ್ತಿ, ಅದಕ್ಕೆ ಮಿಂಚುಹುಳ ಅಂಟಿಸಿ ರಾತ್ರಿ ದೀಪ ಮಾಡಿಕೊಳ್ಳುತ್ತದೆ ಅಂತ ನಮ್ಮಜ್ಜಿ ಹೇಳಿದ್ದರು. ಯಾರೋ ಮಕ್ಕಳನ್ನು ಮಲಗಿಸಲು ಕಟ್ಟಿದ ಕಥೆ ಇರಬೇಕು. ಈಗಲೂ ಓದಿದವರೇ ಅದನ್ನು ನಿಜ ಅಂತ ಹೇಳುತ್ತಾರೆ. ಮಳೆಗಾಲ ಮುಗಿದ ಮೇಲೆ ಉದುರಿ ಬಿದ್ದ ಗೂಡುಗಳನ್ನು ನಾನು ಎಷ್ಟೋ ಸಲ ಬಿಡಿಸಿ ನೋಡಿದ್ದೇನೆ. ಮಣ್ಣು ಇರುತ್ತದೆ. ಒಣಗಿ ಗಟ್ಟಿಯಾದ, ಹೆಬ್ಬೆರಳಗಲದ ಮಣ್ಣು. ಗಾಳಿಗೆ ಗೂಡು ಜಾಸ್ತಿ ತೂಗಾಡದಿರಲಿ ಅಂತ ಹಾಗೆ ಮಾಡುತ್ತದೆ ಎನ್ನುತ್ತಾರೆ. ಮಿಂಚುಹುಳ ಒಂದೂ ಕಂಡಿಲ್ಲ.

ಟಿಟ್ಟಿಭ ಆಕಾಶ ಬೀಳುತ್ತದೆ ಅಂತ ಹೆದರಿ ಕಾಲು ಮೇಲೆ ಮಾಡಿ ಮಲಗುತ್ತದೆಯಂತೆ. ಚಾತಕ ಮಳೆಹನಿ ಬಿಟ್ಟು ಬೇರೆ ನೀರು ಮುಟ್ಟುವುದಿಲ್ಲವಂತೆ. ಹೀಗೆ ಎಷ್ಟು ಬೇಕು? ಇವುಗಳನ್ನು ಬಿಡಿಸಲು ನಮ್ಮ ಅರ್ಧ ಆಯುಷ್ಯ ಹೋಯಿತು. ಈಗ ನಾವೇ ಕೂತು ಹೊಸದಾಗಿ ಹೊಸೆಯಬೇಕಾ?

ಗದಗಿನ ಹೆಬ್ಬಾತು:
ಅಕ್ಕಾರೆ, ಮೊದಲು ಕ್ಷಮೆ ಕೇಳುತ್ತೇನೆ. ಆ ಉತ್ತರ ಬರೆದವನು ನಾನೇ. ಮಗು ಓದುತ್ತದೆ ಅನ್ನುವ ಯೋಚನೆಯೇ ಬರಲಿಲ್ಲ. ಚಾರ್ಟಿನ ಸುದ್ದಿ ಓದಿ ಸಂಕಟ ಆಯಿತು.

ಆದರೆ ದುರ್ಬೀನು ಸರ್, ಎಲ್ಲಾ ನಿಲ್ಲಿಸಿ ಅನ್ನಬೇಡ್ರಿ. ನಾನು ಹಕ್ಕಿ ಕಡೆ ತಿರುಗಿದ್ದೇ ಒಂದು ತಮಾಷೆ ಪ್ರಶ್ನೆಯಿಂದ. ನಮ್ಮ ಸೋದರಮಾವನ ಹೊಲ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಹತ್ತಿರ. ನಾನು ಆಗ ಏಳನೇ ಇಯತ್ತೆ. ಚಳಿಗಾಲದಲ್ಲಿ ಒಂದು ನಸುಕಿಗೆ ನನ್ನನ್ನು ಎಬ್ಬಿಸಿಕೊಂಡು ಹೋಗಿ ಕೇಳಿದ: "ಲೇ, ಪಾಸ್‌ಪೋರ್ಟ್ ಇಲ್ಲ, ಟಿಕೆಟ್ ಇಲ್ಲ, ಹಿಮಾಲಯ ದಾಟಿ ಬಂದು ರಾತ್ರಿಯೆಲ್ಲ ನಮ್ಮ ಹೊಲದಾಗ ಊಟ ಮಾಡಿ, ಬಿಲ್ ಕೊಡದ ಹೋಗತಾರ. ಯಾರವರು?" ನಾನು "ಕಳ್ಳರು" ಅಂದೆ. ಮಾವ ಕೆರೆ ಕಡೆ ಕೈ ತೋರಿಸಿದ. ಬಿಳಿ ತಲೆ ಮೇಲೆ ಎರಡು ಕಪ್ಪು ಪಟ್ಟೆ. ಸಾವಿರಾರು ಹೆಬ್ಬಾತು ಹೊಲದಿಂದ ಕೆರೆಗೆ ಇಳಿಯುತ್ತಿದ್ದವು. ಆ ಗದ್ದಲ ಇವತ್ತಿಗೂ ಕಿವಿಯಲ್ಲಿದೆ.

ಮಂಗೋಲಿಯಾ, ಟಿಬೆಟ್ ಕಡೆಯಿಂದ ಬರುತ್ತವೆ ಅಂತ ಆಮೇಲೆ ಓದಿದೆ. 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಷ್ಟು ತೆಳು ಗಾಳಿಯಲ್ಲೂ ಉಸಿರಿಗೆ ಸಾಕಾಗುವಷ್ಟು ಆಮ್ಲಜನಕ ಹಿಡಿಯುವ ಹಾಗೆ ಅವುಗಳ ರಕ್ತವೇ ಬೇರೆ. 2024ರಲ್ಲಿ ನಮ್ಮ ಮಾಗಡಿ ಕೆರೆಗೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಾಗ ಮಾವನಿಗೆ ಫೋನ್ ಮಾಡಿ "ಬಿಲ್ ಕೊಡದವರು ನಿಮ್ಮೂರಿಗೆ ದೊಡ್ಡ ಹೆಸರು ತಂದರು" ಅಂದೆ. ಆ ಪ್ರಶ್ನೆ ತಮಾಷೆ ಇಲ್ಲದೆ ಬಂದಿದ್ದರೆ ನಾನು ಆ ಚಳಿಯಲ್ಲಿ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ ಸರ್.

ಹೊಸ ಕಣ್ಣು:
ನಾನು ಬಳಗಕ್ಕೆ ಬಂದು ಆರು ತಿಂಗಳಷ್ಟೇ. ಮಾತಾಡಬಹುದಾ ಗೊತ್ತಿಲ್ಲ, ಆದರೂ ಹೇಳುತ್ತೇನೆ.

ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಜೀವನ. ಹಕ್ಕಿ ಅಂದರೆ ಪಾರಿವಾಳ, ಕಾಗೆ, ಹದ್ದು, ಅಷ್ಟೇ ಗೊತ್ತಿದ್ದದ್ದು. ಏಪ್ರಿಲ್‌ನಲ್ಲಿ ಅಕ್ಕ ಒಂದು ಪ್ರಶ್ನೆ ಹಾಕಿದ್ದರು: "ಬೆಳಗಿನ ಜಾವ ಕುಹೂ ಕುಹೂ ಅಂತ ಹಾಡುವವಳು ಯಾರು?" ನಾನು ಖುಷಿಯಿಂದ "ಕೋಗಿಲೆ" ಅಂದೆ. ಅದಕ್ಕೆ ಯಾರೋ ಬರೆದಿದ್ದರು: "ಹಾಡುವವಳಲ್ಲ, ಹಾಡುವವನು. ಮೈಕ್ ಹಿಡಿದರೆ ಬಿಡದ ಗಂಡು. ಅವಳು ಚುಕ್ಕಿ ಚುಕ್ಕಿ ಸೀರೆ ಉಟ್ಟುಕೊಂಡು ಎಲೆ ಮರೆಯಲ್ಲಿ ಕೂತು ಕಿಕ್ ಕಿಕ್ ಅಂತ ಬೈಯುತ್ತಿದ್ದಾಳೆ." ನಕ್ಕು ಸುಮ್ಮನಾದೆ.

ಎರಡು ದಿನ ಆದ ಮೇಲೆ ಬಾಲ್ಕನಿ ಎದುರಿನ ಬೇವಿನ ಮರದಲ್ಲಿ ಕಂದು ಬಣ್ಣದ ಹಕ್ಕಿಯೊಂದು ಕೂತಿತ್ತು. ಮೈತುಂಬ ಬಿಳಿ ಚುಕ್ಕಿ. ಹಿಂದೆ ನೋಡಿದ್ದೆ, ಯಾವುದೋ ಗಿಡುಗ ಅಂದುಕೊಂಡಿದ್ದೆ. ಕಣ್ಣು ಕೆಂಪಗಿತ್ತು. ತಟ್ಟನೆ "ಚುಕ್ಕಿ ಸೀರೆ" ನೆನಪಾಯಿತು! ಕೋಗಿಲೆ ಅಂದರೆ ಕಪ್ಪು, ಹಾಡುವುದು ಹೆಣ್ಣು ಅಂತ ಇಷ್ಟು ವರ್ಷ ನಂಬಿದ್ದೆ. ಪಾಠದ ಪುಸ್ತಕದಲ್ಲಿ ಗಂಡು ಕಪ್ಪು, ಹೆಣ್ಣು ಕಂದು ಅಂತ ಓದಿದ್ದರೆ ಪರೀಕ್ಷೆ ಮುಗಿದ ಮರುದಿನವೇ ಮರೆಯುತ್ತಿದ್ದೆ. ಆವತ್ತಿನಿಂದ ಬಾಲ್ಕನಿಯಲ್ಲಿ ಒಂದು ಕುರ್ಚಿ ಹಾಕಿಕೊಂಡಿದ್ದೇನೆ. ದಯವಿಟ್ಟು ತಮಾಷೆ ನಿಲ್ಲಿಸಬೇಡಿ.

ಹಳೇ ದುರ್ಬೀನು:
ಹೊಸ ಕಣ್ಣು, ಖಂಡಿತ ಮಾತಾಡಬೇಕಮ್ಮ. ನಿಮ್ಮ ಕುರ್ಚಿಯ ವಿಷಯ ಓದಿ ತುಂಬಾ ಸಂತೋಷ ಆಯಿತು. ಆದರೆ ಗಮನಿಸಿ. ಕೋಗಿಲೆಯ ತಮಾಷೆಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹಾಡುವುದು ಗಂಡೇ. ಚುಕ್ಕಿ ಇರುವುದು ಹೆಣ್ಣಿಗೇ. ಮಂಗಟ್ಟೆಯ ತಮಾಷೆ ಹಾಗಲ್ಲ, ಅದು ಪೂರ್ತಿ ಉಲ್ಟಾ. ನನ್ನ ಜಗಳ ನಗುವಿನ ಮೇಲಲ್ಲ.

ಮಲೆನಾಡ ಸಿಳ್ಳಾರ:
ತೋಟದಿಂದ ಈಗ ಬಂದೆ, ಎಲ್ಲ ಓದಿದೆ. ಮಂಗಟ್ಟೆ ವಿಷಯ ಬಂದ ಮೇಲೆ ನಾನು ಸುಮ್ನೆ ಇರಲಾರೆ.

ನಮ್ಮ ಕಾಫಿ ತೋಟದ ಅಂಚಿನ ಹಳೇ ಮರವೊಂದರಲ್ಲಿ ಪ್ರತಿ ವರ್ಷ ಮಂಗಟ್ಟೆ ಗೂಡು ಮಾಡುತ್ತದೆ. ಹೆಣ್ಣು ಒಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುವುದನ್ನು ದೂರದಿಂದ ಮೂರು ದಿನ ಕೂತು ನೋಡಿದ್ದೇನೆ. ಮುಚ್ಚಿಕೊಳ್ಳುವುದು ಅವಳೇ. ತನ್ನ ಹಿಕ್ಕೆ, ಹಣ್ಣಿನ ತಿರುಳು, ತೊಗಟೆ ಚೂರು, ಎಲ್ಲ ಕಲಸಿ ಕೊಕ್ಕಿನ ಪಕ್ಕದಿಂದ ತಟ್ಟಿ ತಟ್ಟಿ ಬಳಿಯುತ್ತಾಳೆ. ನಮ್ಮಮ್ಮ ಒಲೆ ಸಾರಿಸುತ್ತಿದ್ದ ಹಾಗೇ. ಕೊನೆಗೆ ಕೊಕ್ಕಿನ ತುದಿ ಹಿಡಿಸುವಷ್ಟು ಸಂದಿ ಉಳಿಸುತ್ತಾಳೆ. ಒಳಗೆ ಹೋದ ಮೇಲೆ ರೆಕ್ಕೆಯ ಗರಿಗಳನ್ನೂ ಉದುರಿಸಿಕೊಳ್ಳುತ್ತಾಳೆ. ಹಾವು, ಕಬ್ಬೆಕ್ಕು, ಬೇರೆ ಮಂಗಟ್ಟೆ, ಯಾವುದೂ ಒಳಗೆ ಬರಬಾರದು. ಅದು ಅವಳು ಕಟ್ಟಿಕೊಂಡ ಕೋಟೆ.

ಗಂಡು ಆಲ, ಬಸರಿ, ಅತ್ತಿ ಹಣ್ಣುಗಳನ್ನು ಗಂಟಲಲ್ಲಿ ತುಂಬಿಕೊಂಡು ಬರುತ್ತಾನೆ. ಮರಕ್ಕೆ ಆತು ನಿಂತು ಒಂದೊಂದೇ ಹಣ್ಣು ಮೇಲಕ್ಕೆ ತಂದು ಸಂದಿಯೊಳಗೆ ಕೊಡುತ್ತಾನೆ. ಒಂದು ದಿನ ಎಣಿಸಿದೆ. ಒಂದೇ ಸಲಕ್ಕೆ ಹತ್ತೊಂಬತ್ತು ಹಣ್ಣು. ಕೊಟ್ಟು ಮುಗಿದ ಮೇಲೂ ಅಲ್ಲೇ ಸ್ವಲ್ಪ ಹೊತ್ತು ಕುತ್ತಿಗೆ ಓರೆ ಮಾಡಿಕೊಂಡು ನಿಂತಿದ್ದ.

ಹೆಬ್ಬಾತು ಅಣ್ಣ, ನಿಮ್ಮ ಉತ್ತರ ಓದಿ ನನಗೆ ನಗು ಬರಲಿಲ್ಲ, ನಿಜ ಹೇಳುತ್ತೇನೆ. ಅವಳ ಕೆಲಸವನ್ನೆಲ್ಲ ಅವನಿಗೆ ಕೊಟ್ಟಿರಿ. ಅವನ ಪಾಡನ್ನೆಲ್ಲ ಅಳಿಸಿ ಅನುಮಾನದ ಗಂಡ ಮಾಡಿದಿರಿ. ಇಬ್ಬರಿಗೂ ಅನ್ಯಾಯ ಆಯಿತು. ನೀವೇ ಹೀಗೆ ಬರೆಯಬಹುದಿತ್ತು: "ಬೀಗ ಒಳಗಡೆ, ಕೀಲಿ ಅವಳ ಸೊಂಟದಲ್ಲಿ. ಪಾಪ, ಅವನು ಸಂತೆ ಮುಗಿಸಿ ಬಂದು ಹೊರಗೆ ನಿಂತು ಬಾಗಿಲು ತಟ್ಟುತ್ತಿದ್ದಾನೆ." ನಗುವೂ ಇದೆ, ನಿಜವೂ ಇದೆ.

ಗದಗಿನ ಹೆಬ್ಬಾತು:
ಒಪ್ಪಿದೆ ತಂಗಿ. ಇದನ್ನು ಮೊದಲೇ ಕೇಳಿದ್ದರೆ ಹಾಗೇ ಬರೆಯುತ್ತಿದ್ದೆ. ಹತ್ತೊಂಬತ್ತು ಹಣ್ಣು ಎಣಿಸಿದವರ ಮುಂದೆ ನನ್ನದೇನೂ ಮಾತಿಲ್ಲ.

ಗೀಜಗ ಮೇಷ್ಟ್ರು:
ಸಂಜೆ ಪೇಪರ್ ತಿದ್ದುವುದು ಮುಗಿಸಿ ಬಂದೆ. ನಾನು ಮಕ್ಕಳ ಜೊತೆ ದಿನವಿಡೀ ಇರುವವನು, ಅದರಿಂದ ನನ್ನ ಅನುಭವ ಹೇಳುತ್ತೇನೆ.

ತಪ್ಪು ದಾರಿ ತೋರಿಸುವುದು ನಮ್ಮ ಒಗಟಿನ ಜಾಯಮಾನವೇ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಅಂದರೆ ಮಗು ಮೊಸರಿನ ಕುಡಿಕೆಯನ್ನೇ ಯೋಚಿಸುತ್ತದೆ. ಆದರೆ ಒಗಟು ಹೇಳಿದ ಅಜ್ಜಿ ಎದ್ದು ಹೋಗುವುದಿಲ್ಲ. ಅಲ್ಲೇ ಕೂತಿರುತ್ತಾಳೆ. ಮಗು ಸೋತೆ ಅಂದ ಕೂಡಲೇ "ಮಲ್ಲಿಗೆ ಕಣೋ" ಅನ್ನುತ್ತಾಳೆ. ಮೊಸರಿಗೂ ಮಲ್ಲಿಗೆಗೂ ನಡುವೆ ಅರ್ಧ ನಿಮಿಷ. ನಮ್ಮಲ್ಲಿ ಭಾನುವಾರ ಬೆಳಿಗ್ಗೆಗೂ ಸೋಮವಾರಕ್ಕೂ ನಡುವೆ ಒಂದು ಇಡೀ ದಿನ. ಆ ಹುಡುಗಿ ಆ ನಡುವೆ ಮನೆಗೆ ಹೋಗಿಬಿಟ್ಟಳು.

ನನ್ನ ಕ್ಲಾಸಿನಲ್ಲಿ ಒಂದು ಸಲ ಕೇಳಿದೆ: "ತಾವರೆ ಕೆರೆಯಲ್ಲಿ ಎಲೆ ಮೇಲೆ ನಡೆಯುವ ದೇವನಕ್ಕಿಯ ಮರಿಗಳನ್ನು ಸಾಕುವವರು ಯಾರು?" ಒಬ್ಬ ಹುಡುಗ "ಅಮ್ಮ" ಅಂದ. ನಾನು "ಅಮ್ಮ ಮೊಟ್ಟೆ ಇಟ್ಟು ಇನ್ನೊಂದು ಮದುವೆಗೆ ಹೋಗಿದ್ದಾಳೆ, ಬಾಣಂತನ ಎಲ್ಲ ಅಪ್ಪನದೇ" ಅಂದೆ. ಕ್ಲಾಸು ಗೊಳ್ ಅಂತು. ಆ ನಗು ನಿಲ್ಲುವ ಮೊದಲೇ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದೆ. ನಾಲ್ಕು ಮೊಟ್ಟೆ, ಕಾವು ಕೊಡುವುದು ಗಂಡು, ಹುಟ್ಟಿದ ಮರಿಗಳನ್ನು ಕಾಯುವುದೂ ಗಂಡು. ಹೆಣ್ಣು ಅದೇ ಕೆರೆಯಲ್ಲಿ ಇನ್ನೊಂದು ಗಂಡಿಗೆ ಮೊಟ್ಟೆ ಇಡುತ್ತದೆ. ವರ್ಷದ ಕೊನೆಯಲ್ಲಿ ಮಕ್ಕಳು ಬಾಕಿ ಪಾಠ ಎಷ್ಟು ಮರೆತಿದ್ದರೋ, ಇದನ್ನು ಒಬ್ಬರೂ ಮರೆತಿರಲಿಲ್ಲ.

ಅಕ್ಕ, ಉತ್ತರ ಅದೇ ದಿನ ಬರಲಿ. ಇದೊಂದು ನನ್ನ ಕೋರಿಕೆ.

ಹಳೇ ದುರ್ಬೀನು:
ಮೇಷ್ಟ್ರ ಮಾತು ಸರಿ. ಇನ್ನೊಂದು ಇದೆ, ಅಕ್ಕ ಬೇಜಾರು ಮಾಡಿಕೊಳ್ಳಬಾರದು. ಪ್ರಶ್ನೆಯಲ್ಲೇ "ಬಂದಿಯಾಗಿರುತ್ತದೆ" ಅಂತ ಇತ್ತು. ಬಂದಿ ಅಂದ ಮೇಲೆ ಹಿಡಿದು ಹಾಕಿದವನು ಒಬ್ಬ ಇರಲೇಬೇಕು ಅಲ್ವಾ? ಗದಗಿನವರು ಆ ಎಳೆ ಹಿಡಿದು ಎಳೆದರು, ಅಷ್ಟೇ. ತಪ್ಪು ಅವರದೊಂದೇ ಅಲ್ಲ.

ಕೆರೆ ಏರಿ:
ಬೇಜಾರಿಲ್ಲ ಸರ್. ನೀವು ಹೇಳಿದ ಮೇಲೆ ಆ ಪ್ರಶ್ನೆಯನ್ನು ಮತ್ತೆ ಓದಿದೆ. ಹೌದು, ಆ ಪದ ನಾನೇ ಹಾಕಿದ್ದು. "ಒಳಗೇ ಇರುತ್ತದೆ" ಅಂದಿದ್ದರೆ ಸಾಕಿತ್ತು.

ಮದ್ದೂರು ಕಡೆಯವನು:
ತಡವಾಗಿ ಬಂದೆ. ನನ್ನದೊಂದು ಮಾತು. ಹಕ್ಕಿಗೆ ನಮ್ಮ ಮನೆಯ ಸಂಬಂಧ ಕಟ್ಟಿ ಮಾತಾಡುವುದೇ ತಪ್ಪು ಅನ್ನುವ ಹಾಗೆ ಚರ್ಚೆ ಹೋಗಬಾರದು.

ನಮ್ಮ ಕೊಕ್ಕರೆ ಬೆಳ್ಳೂರಿಗೆ ಬನ್ನಿ. ಊರ ನಡುವೆ ಹುಣಸೆ ಮರಗಳು. ಮರದ ತುಂಬ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ. ಕೆಳಗೆ ಎಮ್ಮೆ ಕಟ್ಟಿರುತ್ತಾರೆ, ಹೆಂಗಸರು ಪಾತ್ರೆ ತೊಳೆಯುತ್ತಿರುತ್ತಾರೆ. ಊರವರನ್ನು ಕೇಳಿದರೆ "ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು" ಅನ್ನುತ್ತಾರೆ. ಹುಣಸೆ ಫಸಲು ಹಾಳಾಗುತ್ತದೆ, ವಾಸನೆ ಇರುತ್ತದೆ, ಅಂಗಳದ ತುಂಬ ಹಿಕ್ಕೆ. ಆದರೂ ಮರ ಕಡಿಯುವ ಮಾತು ಬಂದರೆ ಅಜ್ಜಿಯರು ಅಡ್ಡ ನಿಲ್ಲುತ್ತಾರೆ. ತವರಿಗೆ ಬಂದ ಮಗಳನ್ನು ಯಾರಾದರೂ ಆಚೆ ಹಾಕುತ್ತಾರಾ? ಆ ಹಿಕ್ಕೆಯೇ ನಮ್ಮ ಹೊಲಕ್ಕೆ ಗೊಬ್ಬರ.

ಅದು ತಮಾಷೆಯೂ ಅಲ್ಲ, ವಿಜ್ಞಾನದ ಪುಸ್ತಕದಲ್ಲೂ ಇಲ್ಲ. ಆ ಒಂದು ಮಾತಿನಿಂದ ಹಕ್ಕಿ ಉಳಿದಿದೆ. ಮಂಗಟ್ಟೆಗೆ ಬೀಗ ಜಡಿದ ಗಂಡನ ಸಂಬಂಧ ಕಟ್ಟಿದ್ದು ತಪ್ಪಾಯಿತು. ಸಂಬಂಧ ಕಟ್ಟಿದ್ದೇ ತಪ್ಪಲ್ಲ.

ಮಲೆನಾಡ ಸಿಳ್ಳಾರ:
ಎಷ್ಟು ಚೆನ್ನಾಗಿ ಹೇಳಿದಿರಿ ಅಣ್ಣ. ನಾನು ಇನ್ನೂ ಕೊಕ್ಕರೆ ಬೆಳ್ಳೂರು ನೋಡಿಲ್ಲ. ಬರುವ ಫೆಬ್ರುವರಿಯಲ್ಲಿ ಬಂದೇ ಬರುತ್ತೇನೆ.

ಹೊಸ ಕಣ್ಣು:
ಒಂದು ಆಟ ಆಡೋಣವಾ? ಈಗಲೇ ಒಬ್ಬರು ಪ್ರಶ್ನೆ ಹಾಕಲಿ. ತಮಾಷೆ ಉತ್ತರ ಬರಲಿ. ಅದರ ಬೆನ್ನಿಗೇ ಸರಿ ಉತ್ತರ ಬರಲಿ. ಹೇಗಿರುತ್ತದೆ ನೋಡೋಣ. ಮೊದಲ ಪ್ರಶ್ನೆ ನನ್ನದೇ: ಗೂಬೆ ಅಷ್ಟು ಹಿಂದಕ್ಕೆ ಕುತ್ತಿಗೆ ತಿರುಗಿಸುವುದು ಯಾಕೆ?

ಗದಗಿನ ಹೆಬ್ಬಾತು:
ಸಾಲ ಕೊಟ್ಟವನು ಹಿಂದೆ ಬರುತ್ತಿದ್ದಾನಾ ಅಂತ ನೋಡಲು!

ಹಳೇ ದುರ್ಬೀನು:
ಸರಿ ಉತ್ತರ: ಗೂಬೆಯ ಕಣ್ಣುಗುಡ್ಡೆ ಹೊರಳುವುದಿಲ್ಲ. ಉದ್ದ ಕೊಳವೆಯ ಹಾಗಿದೆ, ಎದುರಿಗಷ್ಟೇ ನೋಡುತ್ತದೆ. ಪಕ್ಕಕ್ಕೆ ನೋಡಬೇಕೆಂದರೆ ಇಡೀ ತಲೆಯೇ ತಿರುಗಬೇಕು. ನಮ್ಮ ಕುತ್ತಿಗೆಯಲ್ಲಿ ಮೂಳೆ 7, ಜಿರಾಫೆಗೂ 7, ಗೂಬೆಗೆ 14. ಒಂದು ಕಡೆಗೆ 270 ಡಿಗ್ರಿವರೆಗೆ ತಿರುಗಿಸುತ್ತದೆ. ಸಾಲ ಕೊಟ್ಟವನು ಯಾವ ದಿಕ್ಕಿನಿಂದ ಬಂದರೂ ಕಾಣುತ್ತಾನೆ.

ಹೊಸ ಕಣ್ಣು:
ದುರ್ಬೀನು ಸರ್ ತಮಾಷೆ ಮಾಡಿದರು! ಎಲ್ಲರೂ ನೋಡಿದಿರಾ?

ಗೀಜಗ ಮೇಷ್ಟ್ರು:
ನನ್ನದು: ಅಪ್ಪನೂ ಹಾಲು ಕೊಡುವ ಹಕ್ಕಿ ಯಾವುದು?

ಮದ್ದೂರು ಕಡೆಯವನು:
ಬೆಳಿಗ್ಗೆ ಆರಕ್ಕೆ ನಂದಿನಿ ಬೂತಿನ ಮುಂದೆ ಚೀಲ ಹಿಡಿದು ನಿಂತ ಎಲ್ಲ ಅಪ್ಪಂದಿರೂ.

ಗೀಜಗ ಮೇಷ್ಟ್ರು:
ಸರಿ ಉತ್ತರ ಪಾರಿವಾಳ. ಅಪ್ಪ ಅಮ್ಮ ಇಬ್ಬರ ಗಂಟಲ ಕೆಳಗಿನ ಚೀಲದಲ್ಲೂ ಗಿಣ್ಣಿನಂಥ ಒಂದು ಆಹಾರ ಹುಟ್ಟುತ್ತದೆ. ಮೊದಲ ಕೆಲವು ದಿನ ಮರಿಗಳಿಗೆ ಅದೇ ಊಟ. ರಾಜಹಂಸದಲ್ಲೂ (ಫ್ಲೆಮಿಂಗೊ) ಹೀಗೇ ಇದೆ. ಮದ್ದೂರಿನವರೇ, ನಿಮ್ಮ ಉತ್ತರವನ್ನು ನಾಳೆ ಕ್ಲಾಸಿನಲ್ಲಿ ಹೇಳುತ್ತೇನೆ.

ಮಲೆನಾಡ ಸಿಳ್ಳಾರ:
ನಮ್ಮ ರಾಜ್ಯಪಕ್ಷಿ ನೀಲಕಂಠ. ಹೆಸರಿನಲ್ಲೇ ಒಂದು ತಪ್ಪಿದೆ, ಏನದು?

ಗದಗಿನ ಹೆಬ್ಬಾತು:
ಆಧಾರ್ ಕಾರ್ಡಿನಲ್ಲಿ ತಪ್ಪಾಗಿ ಬಂದಿದೆ, ತಿದ್ದುಪಡಿಗೆ ಅರ್ಜಿ ಹಾಕಿದೆಯಂತೆ. ಸರಿ ಉತ್ತರವನ್ನೂ ನಾನೇ ಹೇಳುತ್ತೇನೆ: ಅದರ ಕಂಠ ನೀಲಿಯಲ್ಲ. ಗಂಟಲು, ಎದೆ ಎಲ್ಲ ನಸುಗಂದು, ಮೇಲೆ ಬಿಳಿ ಗೆರೆ. ನೀಲಿ ಇರುವುದು ರೆಕ್ಕೆ, ಬಾಲ, ನೆತ್ತಿಯಲ್ಲಿ. ತಂತಿ ಮೇಲೆ ಕೂತಾಗ ಮಂಕಾಗಿ ಕಾಣುತ್ತದೆ. ಹಾರಿದಾಗ ನೋಡಬೇಕು! ನಮ್ಮ ಎರೆಹೊಲದ ಮೇಲೆ ಯಾರೋ ಆಕಾಶದ ತುಂಡು ಎಸೆದ ಹಾಗೆ. ಒಡಿಶಾಕ್ಕೂ ತೆಲಂಗಾಣಕ್ಕೂ ಇದೇ ರಾಜ್ಯಪಕ್ಷಿ.

ಮದ್ದೂರು ಕಡೆಯವನು:
ನನ್ನದು ಒಂದು. ರಂಗನತಿಟ್ಟಿನ ತಿಟ್ಟುಗಳು ಹೇಗೆ ಹುಟ್ಟಿದವು?

ಹೊಸ ಕಣ್ಣು:
ಹಕ್ಕಿಗಳು ಬಾಣಂತನಕ್ಕೆ ಮನೆ ಹುಡುಕುತ್ತಿದ್ದವು, ಕಾವೇರಿ ಸೈಟು ಮಾಡಿ ಹಂಚಿದಳು. ಸರಿ ಉತ್ತರ ನನಗೆ ಗೊತ್ತಿಲ್ಲ, ಯಾರಾದರೂ ಹೇಳಿ.

ಹಳೇ ದುರ್ಬೀನು:
ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ, ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದರು. ಅದರಿಂದ ನದಿಯಲ್ಲಿ ನಡುಗಡ್ಡೆಗಳಾದವು. ಹಕ್ಕಿ ಬಂದು ಮರ ಹಿಡಿದವು. ಪಕ್ಷಿತಜ್ಞ ಸಲೀಂ ಅಲಿ ಅವರು ನೋಡಿ ಮೈಸೂರು ಅರಸರಿಗೆ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮ ಅಂತ ಘೋಷಣೆ ಆಯಿತು. ಹಾಗಾಗಿ ಸೈಟು ಮಾಡಿದ್ದು ಕಾವೇರಿಯೂ ಹೌದು, ಅರಸರೂ ಹೌದು. ಹಕ್ಕುಪತ್ರ ಸಿಗಲು ಮಾತ್ರ ಸುಮಾರು ಮುನ್ನೂರು ವರ್ಷ ಹಿಡಿಯಿತು.

ಗೀಜಗ ಮೇಷ್ಟ್ರು:
ನನ್ನ ಹೆಸರಿನ ಹಕ್ಕಿಯದೊಂದು ಕೇಳದಿದ್ದರೆ ಹೇಗೆ? ಗಂಡು ಗೀಜಗ ಗೂಡನ್ನು ಅರ್ಧಕ್ಕೆ ನಿಲ್ಲಿಸುವುದು ಯಾಕೆ?

ಕೆರೆ ಏರಿ:
ಇದಕ್ಕೆ ನಾನೇ ಹೇಳುತ್ತೇನೆ. ಹುಡುಗಿ ಕಡೆಯವರು ಮನೆ ನೋಡಲು ಬರಬೇಕು!

ಗೀಜಗ ಮೇಷ್ಟ್ರು:
ಅಕ್ಕ, ಅದೇ ಸರಿ ಉತ್ತರ. ಗೂಡು ಹೆಲ್ಮೆಟ್ಟಿನ ಹಾಗೆ ಆಗುವವರೆಗೆ ಹೆಣೆದು ಗಂಡು ರೆಕ್ಕೆ ಬಡಿದು ಕರೆಯುತ್ತದೆ. ಹೆಣ್ಣು ಬಂದು ಒಳಗೆಲ್ಲ ಎಳೆದು ನೋಡುತ್ತದೆ. ಒಪ್ಪಿಗೆಯಾದರೆ ಮಾತ್ರ ಮೊಟ್ಟೆಯ ಕೋಣೆ, ಉದ್ದ ಕೊಳವೆ ಬಾಗಿಲು, ಎಲ್ಲ ಮುಗಿಸುತ್ತದೆ. ಇಲ್ಲವಾದರೆ ಅದನ್ನು ಬಿಟ್ಟು ಇನ್ನೊಂದು ಶುರು ಮಾಡುತ್ತದೆ. ತಮಾಷೆಗೂ ಸರಿ ಉತ್ತರಕ್ಕೂ ನಡುವೆ ಇಲ್ಲಿ ಅಂತರವೇ ಇಲ್ಲ.

ಹಳೇ ದುರ್ಬೀನು:
ನಾನು ನಿಲ್ಲಿಸಬೇಕು ಅಂದಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಉತ್ತರ ಅದೇ ದಿನ ರಾತ್ರಿ ಎಂಟಕ್ಕೆ ಬರಬೇಕು. ಇದು ಬಿಡುವುದಿಲ್ಲ. ಮತ್ತೆ, ಹೆಣ್ಣುಗಂಡಿನ ಪ್ರಶ್ನೆ ಬಂದಾಗ ಇನ್ನಷ್ಟು ನೋಡಿ ಬರೆಯಿರಿ. ನಮ್ಮ ಮನೆಯ ಜಗಳವನ್ನು ಹಕ್ಕಿಯ ಗೂಡಿಗೆ ಹೊತ್ತುಕೊಂಡು ಹೋಗುವುದು ಬಹಳ ಸುಲಭ.

ಕೆರೆ ಏರಿ:
ರಾತ್ರಿ ಎಂಟು. ಆಯಿತು ಸರ್.

ಈಗ ತಂಗಿಯ ಮಗಳ ಜೊತೆ ಫೋನಿನಲ್ಲಿ ಮಾತಾಡಿದೆ. ಸಿಳ್ಳಾರ ಬರೆದದ್ದನ್ನು ಪೂರ್ತಿ ಓದಿ ಹೇಳಿದೆ. ಮೊದಲು ಅವಳಿಗೆ ಅಳು ಬಂತು, ಚಾರ್ಟ್ ತಪ್ಪಾಯಿತಲ್ಲ ಅಂತ. ಹತ್ತೊಂಬತ್ತು ಹಣ್ಣಿನ ವಿಷಯ ಬಂದಾಗ ಸುಮ್ಮನಾದಳು. ಇನ್ನೊಂದು ಹಾಳೆ ಅಂಟಿಸುತ್ತಾಳಂತೆ. ಬೀಗ ಹಾಗೇ ಇರಲಿ, ಆದರೆ ಮರದ ಒಳಗಡೆ ಬರೆಯುತ್ತೇನೆ ಅಂದಳು.

ಆಮೇಲೆ ಒಂದು ಪ್ರಶ್ನೆ ಕೇಳಿದಳು. ನನಗೆ ಉತ್ತರ ಹೇಳಲು ಆಗಲಿಲ್ಲ. "ದೊಡ್ಡಮ್ಮ, ಅವನು ಒಂದು ದಿನ ಬರದೇ ಹೋದರೆ?" ಇದೇ ಮುಂದಿನ ಭಾನುವಾರದ ಪ್ರಶ್ನೆ ಅಂದುಕೊಳ್ಳಿ. ಆದರೆ ಅವಳು ಈಗಲೇ ಕಾಯುತ್ತಿದ್ದಾಳೆ.

ಗದಗಿನ ಹೆಬ್ಬಾತು:
ಇದಕ್ಕೆ ನಾನು ತಮಾಷೆ ಬರೆಯುವುದಿಲ್ಲ ಅಕ್ಕಾರೆ. ಸಿಳ್ಳಾರ ತಂಗಿ ಹೇಳಲಿ.

ಮಲೆನಾಡ ಸಿಳ್ಳಾರ:
ಹೇಳುತ್ತೇನೆ. ಪುಟ್ಟಿಗೆ ಓದಿ ಹೇಳಿ ಅಕ್ಕ.

ಅವಳು ಒಂದು ದಿನ ಕಾಯುತ್ತಾಳೆ. ಇನ್ನೂ ಕಾಯುತ್ತಾಳೆ. ಬಾಗಿಲು ಅವಳೇ ಕಟ್ಟಿದ್ದು, ಒಡೆದು ಹೊರಗೆ ಬರುವ ಶಕ್ತಿ ಅವಳಿಗಿದೆ. ಆದರೆ ರೆಕ್ಕೆಯ ಗರಿ ಉದುರಿಸಿಕೊಂಡಿದ್ದರೆ ಹಾರಲು ಆಗುವುದಿಲ್ಲ. ಒಳಗೆ ಮರಿ ಇದ್ದರೆ ಅದು ಉಳಿಯುವುದು ಕಷ್ಟ. ಅದಕ್ಕೇ ಗೂಡಿನ ಕಾಲದಲ್ಲಿ ಒಂದು ಗಂಡು ಮಂಗಟ್ಟೆಗೆ ಗುಂಡು ಬಿದ್ದರೆ ಸಾಯುವುದು ಒಂದು ಹಕ್ಕಿ ಅಲ್ಲ.

ನಮ್ಮ ತೋಟದ ಆಳುಗಳಿಗೆಲ್ಲ ಇದು ಗೊತ್ತು. ಜನವರಿಯಿಂದ ಆ ಮರದ ಹತ್ತಿರ ಯಾರೂ ಮರಗಸಿ (ಮರದ ಕೊಂಬೆ ಸವರುವುದು) ಮಾಡುವುದಿಲ್ಲ, ಪಟಾಕಿ ಹೊಡೆಯುವುದಿಲ್ಲ. ನಮ್ಮ ಮರದವನು ಈ ವರ್ಷ ಒಂದು ದಿನವೂ ತಪ್ಪಿಸಿಲ್ಲ. ಇವತ್ತು ಬೆಳಿಗ್ಗೆ ಆರೂವರೆಗೆ ಬಂದಿದ್ದ. ನಾಳೆ ಬಂದ ಕೂಡಲೇ ಇಲ್ಲಿ ಬರೆಯುತ್ತೇನೆ ಅಂತ ಅವಳಿಗೆ ಹೇಳಿ.